ಸರ್ವರ್ ಕಳಿಸಿದ ಇಮೇಲ್ ಸ್ಪ್ಯಾಮ್‌ಗೆ ಬೀಳುವುದೇಕೆ? ನಾಲ್ಕು ವಾದಗಳು, ಒಂದು ಕ್ರಮ

ಕಾಲೇಜಿನ ಜಾಲತಾಣ ವಿದ್ಯಾರ್ಥಿಗಳಿಗೆ ಪ್ರವೇಶಪತ್ರದ ಕೊಂಡಿ ಕಳಿಸುತ್ತದೆ. ಸಣ್ಣ ಪ್ರಕಾಶನ ಸಂಸ್ಥೆ ಹಣ ಸಂದಾಯವಾದ ಕೂಡಲೇ ಓದುಗರಿಗೆ ರಸೀದಿ ಕಳಿಸುತ್ತದೆ. ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಹಾಕಿಕೊಳ್ಳುವ ದಾರಿ ಇಮೇಲ್‌ನಲ್ಲೇ ಹೋಗುತ್ತದೆ. ಯಾರೂ ಕೂತು ಬರೆಯದೆ ಸರ್ವರ್ ತಾನಾಗಿ ಕಳಿಸುವ ಈ ಪತ್ರಗಳು ಕಾಯುತ್ತಿರುವವರಿಗೆ ತೀರಾ ಬೇಕಾದವು. ಆದರೂ ಇಂಥವೇ ಮತ್ತೆ ಮತ್ತೆ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತವೆ. ಕಳಿಸಿದ ಕಡೆಯ ಲಾಗ್ ತೆರೆದರೆ 250 ಎಂಬ ಉತ್ತರ ದಾಖಲಾಗಿರುತ್ತದೆ; ಎದುರಿನ ಸರ್ವರ್ ಪತ್ರವನ್ನು ಸ್ವೀಕರಿಸಿದೆ ಎಂದರ್ಥ. ನಿರಾಕರಿಸಿದ್ದರೆ 5ರಿಂದ ಶುರುವಾಗುವ ಸಂಖ್ಯೆ ಬರುತ್ತಿತ್ತು, ಆಮೇಲೆ ಪ್ರಯತ್ನಿಸಿ ಎಂದಿದ್ದರೆ 4ರಿಂದ ಶುರುವಾಗುವ ಸಂಖ್ಯೆ. ಎರಡರ ಜೊತೆಗೂ ಸಾಮಾನ್ಯವಾಗಿ ಒಂದು ಸಾಲಿನ ಕಾರಣ ಇರುತ್ತದೆ. ಸ್ಪ್ಯಾಮ್‌ಗೆ ಹಾಕುವ ತೀರ್ಮಾನ ಮಾತ್ರ 250 ಎಂದು ಹೇಳಿದ ಮೇಲೆ, ಕಳಿಸಿದವರಿಗೆ ತಿಳಿಸದೆ ಆಗುತ್ತದೆ.

ಕಾರಣ ಹೇಳದ ಈ ತೀರ್ಪನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನದಲ್ಲಿ ನಾಲ್ಕು ವಾದಗಳು ಬೆಳೆದಿವೆ. ದೋಷ ಪತ್ರದ ಒಕ್ಕಣೆಯಲ್ಲಿದೆ ಎನ್ನುವುದು ಒಂದು. ಕಳಿಸಿದವರ ಗುರುತು ಸಾಬೀತಾಗಿಲ್ಲ ಎನ್ನುವುದು ಇನ್ನೊಂದು. ಕಳಿಸುವವರ ಹಿಂದಿನ ನಡತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವುದು ಮೂರನೆಯದು. ಕೆಲವೇ ದೊಡ್ಡ ಕಂಪನಿಗಳ ಕೈಗೆ ಇಮೇಲ್ ಸಿಕ್ಕಿರುವುದೇ ನಿಜವಾದ ಕಾರಣ ಎನ್ನುವುದು ನಾಲ್ಕನೆಯದು. ನಾಲ್ಕರಲ್ಲೂ ಸತ್ಯವಿದೆ, ಆದರೆ ನಾಲ್ಕೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಗುರುತು ಸಾಬೀತಾದರೆ ನಂಬಿಕೆಯೂ ಸಾಬೀತಾದಂತೆ ಎಂದು ಭಾವಿಸುವುದೇ ಈ ವಿಷಯದ ಬಹುಪಾಲು ಗೊಂದಲದ ಮೂಲ ಎಂಬುದು ಈ ಲೇಖನದ ನಿಲುವು. ಗುರುತು ಮೊದಲ ಮೆಟ್ಟಿಲು, ನಡತೆ ಎರಡನೆಯದು, ಒಕ್ಕಣೆ ಮೂರನೆಯದು. ಈ ಕ್ರಮದಲ್ಲಿ ಹುಡುಕಿದವರಿಗೆ ದೋಷ ಬೇಗ ಸಿಗುತ್ತದೆ.

ಪರಿಚಿತರ ಜಾಲದಿಂದ ಅಪರಿಚಿತರ ಜಾಲಕ್ಕೆ

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಮಂದಿ. ಕಳಿಸುವವರು ತಮ್ಮ ವಿಳಾಸವೆಂದು ಏನು ಬರೆದರೂ ಸರ್ವರ್ ಅದನ್ನು ಹಾಗೇ ಒಪ್ಪಿಕೊಳ್ಳುತ್ತಿತ್ತು. ಪರಿಶೀಲಿಸುವ ಏರ್ಪಾಡು ನಿಯಮದಲ್ಲೇ ಇರಲಿಲ್ಲ. ಬೇಡದ ಪತ್ರದ ಕಾಟ ಅದಕ್ಕೂ ಹಳೆಯದು. 1978ರ ಮೇ 3ರಂದು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥರ್ಕ್ ತಮ್ಮ ಕಂಪನಿಯ ಕಂಪ್ಯೂಟರುಗಳ ಪ್ರಚಾರಕ್ಕಾಗಿ ಇಂಟರ್ನೆಟ್‌ನ ಪೂರ್ವಜವಾದ ಆರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಸಂದೇಶ ಕಳಿಸಿದ್ದರು. ಅದು ಅಪವಾದವಾಗಿ ಉಳಿಯಿತು. ತೊಂಬತ್ತರ ದಶಕದಲ್ಲಿ ಇಂಟರ್ನೆಟ್ ವ್ಯಾಪಾರಕ್ಕೆ ತೆರೆದುಕೊಂಡ ಮೇಲೆ ಅಪವಾದವೇ ವಾಡಿಕೆಯಾಯಿತು. ಯಾರ ಪತ್ರವನ್ನಾದರೂ ಮುಂದಕ್ಕೆ ದಾಟಿಸುತ್ತಿದ್ದ ಆ ಕಾಲದ ಸರ್ವರ್‌ಗಳು ಸ್ಪ್ಯಾಮರ್‌ಗಳಿಗೆ ಪುಕ್ಕಟೆ ಸಾಗಣೆಯಾದವು.

ಕಾನೂನು ಮತ್ತು ಬೆಲೆಯಿಂದ ಇದನ್ನು ತಡೆಯುವ ಪ್ರಯತ್ನಗಳೂ ನಡೆದವು. ಯುರೋಪು 2002ರ ನಿರ್ದೇಶನದಲ್ಲಿ ಮುಂಚಿತ ಒಪ್ಪಿಗೆಯನ್ನು ಕೇಳಿತು. ಅಮೆರಿಕ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಲ್ಲಿ ಬೇಡವೆಂದವರಿಗೆ ನಿಲ್ಲಿಸಿದರೆ ಸಾಕು ಎಂದಿತು. ಪ್ರತಿ ಪತ್ರಕ್ಕೂ ಕಂಪ್ಯೂಟರ್ ಒಂದಿಷ್ಟು ಲೆಕ್ಕ ಮಾಡಬೇಕೆಂಬ ಹ್ಯಾಶ್‌ಕ್ಯಾಶ್ ಯೋಜನೆಯನ್ನು ಆಡಮ್ ಬ್ಯಾಕ್ 1997ರಲ್ಲಿ ಮುಂದಿಟ್ಟರು. ಸ್ಪ್ಯಾಮರ್‌ಗೆ ತಾಗುವಷ್ಟು ಶ್ರಮ ವಿಧಿಸಿದರೆ ಪ್ರಾಮಾಣಿಕರಿಗೂ ಅದು ಹೊರೆಯಾಗುತ್ತದೆ ಎಂದು ಬೆನ್ ಲಾರಿ ಮತ್ತು ರಿಚರ್ಡ್ ಕ್ಲೇಟನ್ 2004ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ದಾವೋಸ್‌ನಲ್ಲಿ ಬಿಲ್ ಗೇಟ್ಸ್ ಇನ್ನೆರಡು ವರ್ಷಗಳಲ್ಲಿ ಸ್ಪ್ಯಾಮ್ ಸಮಸ್ಯೆ ಮುಗಿಯುತ್ತದೆ ಎಂದಿದ್ದರು. ಅದು ಮುಗಿಯಲಿಲ್ಲ. ತೀರ್ಮಾನದ ಭಾರವೆಲ್ಲ ಪತ್ರ ಸ್ವೀಕರಿಸುವ ಸರ್ವರ್‌ನ ಶೋಧಕದ ಮೇಲೆ ಬಿತ್ತು.

ಮೊದಲ ವಾದ: ದೋಷ ಒಕ್ಕಣೆಯಲ್ಲಿದೆ

ಪತ್ರದ ಪದಗಳನ್ನು ನೋಡಿ ಸ್ಪ್ಯಾಮ್ ಹೌದೋ ಅಲ್ಲವೋ ಎಂದು ಸಂಭಾವ್ಯತೆಯ ಲೆಕ್ಕದಿಂದ ಹೇಳಬಹುದು ಎಂದು ಮೆಹ್ರಾನ್ ಸಹಾಮಿ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಲೇಖನ ಈ ಬೇಸಿಯನ್ ವಿಧಾನವನ್ನು ಜನಪ್ರಿಯಗೊಳಿಸಿತು. 2001ರಲ್ಲಿ ಬಂದ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಶೋಧಕ ಇನ್ನೊಂದು ದಾರಿ ಹಿಡಿಯಿತು: ನೂರಾರು ನಿಯಮಗಳು, ಪ್ರತಿಯೊಂದಕ್ಕೂ ಅಂಕ, ಒಟ್ಟು 5 ಮುಟ್ಟಿದರೆ ಸ್ಪ್ಯಾಮ್. ದಿನಾಂಕದ ಸಾಲು ಇಲ್ಲದಿದ್ದರೆ ಅಂಕ, ಸರಳ ಪಠ್ಯವಿಲ್ಲದೆ ಬರಿಯ ಎಚ್‌ಟಿಎಂಎಲ್ ಇದ್ದರೆ ಅಂಕ. ಸ್ವಂತವಾಗಿ ಬರೆದ ಸ್ಕ್ರಿಪ್ಟ್‌ಗಳು ಕಳಿಸುವ ಪತ್ರಗಳಲ್ಲಿ ಇಂಥ ಕೊರತೆಗಳು ಸಾಮಾನ್ಯ. ಆದ್ದರಿಂದ ಈ ವಾದವನ್ನು ಹಳೆಯದೆಂದು ತಳ್ಳಿಹಾಕುವ ಹಾಗಿಲ್ಲ.

ಕನ್ನಡದಲ್ಲಿ ಪತ್ರ ಕಳಿಸುವವರಿಗಂತೂ ಇದು ನೇರವಾಗಿ ತಟ್ಟುತ್ತದೆ. ಹಳೆಯ ನಿಯಮದಂತೆ ಇಮೇಲ್‌ನ ವಿಷಯ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ನೇರವಾಗಿ ಹೋಗಬಹುದು. ಕನ್ನಡವನ್ನು ಯುಟಿಎಫ್-8 ಎಂದು ಸೂಚಿಸಿ ನಿಗದಿತ ರೀತಿಯಲ್ಲಿ ಸಂಕೇತೀಕರಿಸಬೇಕು. ‘ನಿಮ್ಮ ಪ್ರವೇಶಪತ್ರ ಸಿದ್ಧವಿದೆ’ ಎಂಬ ಸಾಲನ್ನು ಸ್ಕ್ರಿಪ್ಟ್ ಹಾಗೇ ತುರುಕಿದರೆ, ಓದುವವರ ಪರದೆಯ ಮೇಲೆ ಅದು ಸರಿಯಾಗಿಯೇ ಮೂಡಬಹುದು, ಆದರೆ ಶೋಧಕದ ಕಣ್ಣಿಗೆ ನಿಯಮ ಮುರಿದ ಪತ್ರ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಪತ್ರದ ಭಾಷೆಯನ್ನು ಊಹಿಸಿ, ಒಪ್ಪಿದ ಪಟ್ಟಿಯಲ್ಲಿಲ್ಲದ ಭಾಷೆಗೆ ಅಂಕ ಸೇರಿಸುವ ಸೌಲಭ್ಯವೂ ಇದೆ. ವಿದೇಶದ ಸಂಸ್ಥೆ ಇಂಗ್ಲಿಷ್ ಸಾಕೆಂದು ಅದನ್ನು ಹೊಂದಿಸಿಕೊಂಡಿದ್ದರೆ, ಅಲ್ಲಿನ ಕನ್ನಡಿಗ ಉದ್ಯೋಗಿಗೆ ಬಂದ ಕನ್ನಡ ಪತ್ರ ಭಾಷೆಯ ಕಾರಣಕ್ಕೇ ಅನುಮಾನಕ್ಕೆ ಒಳಗಾಗಬಹುದು.

ಆದರೂ ಒಕ್ಕಣೆಯ ವಾದ ಒಂದು ಸಂಗತಿಯನ್ನು ವಿವರಿಸಲಾರದು. ಅಕ್ಷರವೂ ಬದಲಾಗದ ಅದೇ ರಸೀದಿ ಒಂದು ಸರ್ವರ್‌ನಿಂದ ಹೋದರೆ ಇನ್‌ಬಾಕ್ಸ್‌ಗೆ, ಇನ್ನೊಂದರಿಂದ ಹೋದರೆ ಸ್ಪ್ಯಾಮ್‌ಗೆ ಬೀಳುವುದುಂಟು. ‘ಉಚಿತ’, ‘ಕೂಡಲೇ’ ಎಂಬ ಪದಗಳನ್ನು ತೆಗೆದರೆ ಪತ್ರ ತಲುಪುತ್ತದೆ ಎಂಬ ಸಲಹೆ ಇಂದಿಗೂ ಚಲಾವಣೆಯಲ್ಲಿದೆ. ಪದ ತಿದ್ದುವ ವಿದ್ಯೆ ಪ್ರಾಮಾಣಿಕರಿಗಿಂತ ಮೊದಲು ಸ್ಪ್ಯಾಮರ್‌ಗಳಿಗೇ ಕರಗತವಾಗಿದ್ದರಿಂದ, ಶೋಧಕಗಳು ಪದಗಳಾಚೆಗೆ ನೋಡಲೇಬೇಕಾಯಿತು.

ಎರಡನೆಯ ವಾದ: ಮೊದಲು ಗುರುತು ಸಾಬೀತಾಗಲಿ

1982ರ ನಿಯಮಾವಳಿ ಬಿಟ್ಟ ಖಾಲಿ ಜಾಗವನ್ನು ತುಂಬಲು ಮೂರು ಪದರಗಳು ಬಂದವು. ಇವನ್ನು ತಿಳಿಯಲು ಒಂದು ಸಂಗತಿ ಗಮನದಲ್ಲಿರಬೇಕು. ಅಂಚೆಯಲ್ಲಿ ಲಕೋಟೆಯ ಮೇಲೊಂದು ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ಇನ್ನೊಂದು ವಿಳಾಸ ಇರಬಹುದಾದಂತೆ, ಇಮೇಲ್‌ನಲ್ಲೂ ಕಳಿಸಿದವರ ಹೆಸರು ಎರಡು ಕಡೆ ಇರುತ್ತದೆ. ಸರ್ವರ್‌ಗಳು ತಮ್ಮೊಳಗೆ ನೋಡುವುದು ಲಕೋಟೆಯ ವಿಳಾಸ; ಓದುವವರ ಕಣ್ಣಿಗೆ ಬೀಳುವುದು ‘ಫ್ರಮ್’ ಸಾಲು. 2006ರಲ್ಲಿ ಪ್ರಕಟವಾದ ಎಸ್‌ಪಿಎಫ್, ಈ ಡೊಮೇನ್ ಹೆಸರಿನಲ್ಲಿ ಕಳಿಸಲು ಯಾವ ಐಪಿ ವಿಳಾಸಗಳಿಗೆ ಅಧಿಕಾರವಿದೆ ಎಂದು ಡೊಮೇನ್ ಹೆಸರುಗಳ ಸಾರ್ವಜನಿಕ ದಾಖಲೆ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಸಾರುತ್ತದೆ, ಆದರೆ ಅದು ಪರೀಕ್ಷಿಸುವುದು ಲಕೋಟೆಯ ಡೊಮೇನನ್ನು. ಯಾಹೂ ಮತ್ತು ಸಿಸ್ಕೊ ಬೇರೆ ಬೇರೆಯಾಗಿ ರೂಪಿಸಿದ ವಿಧಾನಗಳು ಸೇರಿ 2007ರಲ್ಲಿ ಡಿಕೆಐಎಂ ಆಯಿತು. ಇದು ಪತ್ರದ ಮೇಲೆ ಡೊಮೇನಿನ ಡಿಜಿಟಲ್ ಸಹಿ ಹಾಕುತ್ತದೆ. ಇವೆರಡರಲ್ಲಿ ಒಂದಾದರೂ ‘ಫ್ರಮ್’ ಸಾಲಿನ ಡೊಮೇನಿಗೆ ಹೊಂದಬೇಕು, ಹೊಂದದಿದ್ದರೆ ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. 2012ರಲ್ಲಿ ಘೋಷಣೆಯಾದ ಇದು 2015ರಲ್ಲಿ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು.

ಬಹುಪಾಲು ಸರ್ವರ್ ಪತ್ರಗಳು ಮುಗ್ಗರಿಸುವುದು ಈ ಹೊಂದಾಣಿಕೆಯಲ್ಲೇ. ಕಾಲೇಜೊಂದರ ಜಾಲತಾಣ ಬಾಡಿಗೆ ಹೋಸ್ಟಿಂಗ್‌ನಲ್ಲಿದೆ ಎಂದಿಟ್ಟುಕೊಳ್ಳೋಣ. ಸ್ಪ್ಯಾಮ್‌ಗೆ ಬಿದ್ದ ಪತ್ರವನ್ನು ಜಿಮೇಲ್‌ನಲ್ಲಿ ತೆರೆದು ‘ಶೋ ಒರಿಜಿನಲ್’ ಒತ್ತಿದರೆ ಮೇಲ್ಗಡೆ ಮೂರು ಸಾಲು ಕಾಣುತ್ತವೆ: ಎಸ್‌ಪಿಎಫ್ ಪಾಸ್, ಡಿಕೆಐಎಂ ಪಾಸ್, ಡಿಮಾರ್ಕ್ ಫೇಲ್. ಎರಡು ಪಾಸಾಗಿ ಮೂರನೆಯದು ಹೇಗೆ ಬಿತ್ತು? ಪಾಸಾದದ್ದು ಲಕೋಟೆಯ ಮೇಲಿದ್ದ ಹೋಸ್ಟಿಂಗ್ ಸಂಸ್ಥೆಯ ಡೊಮೇನ್, ಸಹಿಯೂ ಅದರದೇ. ‘ಫ್ರಮ್’ ಸಾಲಿನಲ್ಲಿದ್ದ ಕಾಲೇಜಿನ ಡೊಮೇನಿನ ಪರವಾಗಿ ಯಾರೂ ಸಾಕ್ಷಿ ಹೇಳಿರಲಿಲ್ಲ. ಜಾಲತಾಣದ ‘ಸಂಪರ್ಕಿಸಿ’ ಫಾರ್ಮ್‌ಗಳ ದೋಷವೂ ಇದೇ ಜಾತಿಯದು: ಭರ್ತಿ ಮಾಡಿದವರ ಯಾಹೂ ವಿಳಾಸವನ್ನೇ ‘ಫ್ರಮ್’ನಲ್ಲಿಟ್ಟು ಕಾಲೇಜಿನ ಸರ್ವರ್ ಪತ್ರ ಕಳಿಸಿದರೆ, ಯಾಹೂ ಹೆಸರನ್ನು ನಕಲು ಮಾಡಿದಂತಾಗುತ್ತದೆ. ‘ಫ್ರಮ್’ನಲ್ಲಿ ಸ್ವಂತ ಡೊಮೇನ್ ಇಟ್ಟು, ಭರ್ತಿ ಮಾಡಿದವರ ವಿಳಾಸವನ್ನು ‘ರಿಪ್ಲೈ-ಟು’ನಲ್ಲಿ ಇಡುವುದೇ ಸರಿಯಾದ ದಾರಿ. ಸಣ್ಣ ತಪ್ಪುಗಳೂ ಇಲ್ಲಿ ದುಬಾರಿ. ಒಂದೇ ಡೊಮೇನಿಗೆ ಎರಡು ಎಸ್‌ಪಿಎಫ್ ದಾಖಲೆಗಳಿದ್ದರೆ ಅಥವಾ ದಾಖಲೆ ಬಿಡಿಸಲು 10ಕ್ಕಿಂತ ಹೆಚ್ಚು ಡಿಎನ್‌ಎಸ್ ವಿಚಾರಣೆ ಬೇಕಾದರೆ ಪರೀಕ್ಷೆಯೇ ದೋಷದಲ್ಲಿ ಕೊನೆಯಾಗುತ್ತದೆ.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು, ಇದು ಸಾಚಾ ಪತ್ರಗಳನ್ನೂ ಕೊಲ್ಲುತ್ತದೆ ಎನ್ನುವುದು. ಪತ್ರವನ್ನು ಬೇರೆ ವಿಳಾಸಕ್ಕೆ ದಾಟಿಸಿದರೆ ಎಸ್‌ಪಿಎಫ್ ಮುರಿಯುತ್ತದೆ. ಇಮೇಲ್ ಚರ್ಚಾಕೂಟಗಳು ಪತ್ರದ ಅಡಿಯಲ್ಲಿ ಒಂದು ಸಾಲು ಸೇರಿಸಿದರೂ ಡಿಕೆಐಎಂ ಸಹಿ ಮುರಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ‘ತಿರಸ್ಕರಿಸಿ’ ಎಂದು ಬದಲಿಸಿದಾಗ ಜಗತ್ತಿನಾದ್ಯಂತ ಇಂಥ ಕೂಟಗಳು ಕಂಗೆಟ್ಟವು. 2019ರಲ್ಲಿ ಪ್ರಯೋಗವಾಗಿ ಬಂದ ಎಆರ್‌ಸಿ ಎಂಬ ವಿಧಾನ ಈ ಗಾಯಕ್ಕೆ ಅರೆ ಮದ್ದಷ್ಟೇ. ಎರಡನೆಯ ಆಕ್ಷೇಪ ಇನ್ನೂ ಮುಖ್ಯ: ಮೂರೂ ಪರೀಕ್ಷೆ ಪಾಸಾದ ಪತ್ರವೂ ಸ್ಪ್ಯಾಮ್‌ಗೆ ಬೀಳುತ್ತದೆಯಲ್ಲ, ಹಾಗಾದರೆ ಇವೆಲ್ಲ ಏಕೆ? ಸ್ಪ್ಯಾಮರ್ ಕೂಡ ಹೊಸ ಡೊಮೇನ್ ಕೊಂಡು ಒಂದೇ ಗಂಟೆಯಲ್ಲಿ ಮೂರೂ ದಾಖಲೆಗಳನ್ನು ಸರಿಯಾಗಿ ಬರೆಯಬಲ್ಲ ಎಂಬುದು ನಿಜ. ಆದರೆ ಗುರುತು ಹೇಳುವುದು ‘ಇವರು ಇವರೇ’ ಎಂಬುದನ್ನು ಮಾತ್ರ, ‘ಇವರು ಒಳ್ಳೆಯವರು’ ಎಂದು ಅದು ಎಂದೂ ಹೇಳಿರಲಿಲ್ಲ. ಗುರುತಿಲ್ಲದ ಕಡೆ ಒಳ್ಳೆಯ ನಡತೆಯನ್ನು ಯಾರ ಖಾತೆಗೂ ಜಮೆ ಮಾಡಲಾಗದು. ಅದರ ಬೆಲೆ ಇರುವುದು ಅಲ್ಲಿ.

ಮೂರನೆಯ ವಾದ: ನಡತೆಯೇ ಪ್ರಮಾಣ

ಕಳಿಸುವ ಮೂಲದ ಚರಿತ್ರೆ ನೋಡಿದರೆ ಸಾಕು ಎಂಬ ವಾದ ಕಪ್ಪುಪಟ್ಟಿಗಳಿಂದ ಶುರುವಾಯಿತು. 1997ರ ಹೊತ್ತಿಗೆ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಇಂಥ ಪಟ್ಟಿಯನ್ನು ಬಳಕೆಗೆ ತಂದಿದ್ದರು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಕಟ್ಟಿದ ಸ್ಪ್ಯಾಮ್‌ಹಾಸ್ ಇಂದು ಈ ಕ್ಷೇತ್ರದ ದೊಡ್ಡ ಹೆಸರು. ವಾದಕ್ಕೆ ಬಲವಾದ ಪುರಾವೆ 2008ರ ನವೆಂಬರ್‌ನಲ್ಲಿ ಸಿಕ್ಕಿತು. ಸ್ಪ್ಯಾಮ್ ಕಳಿಸುವ ಯಂತ್ರಜಾಲಗಳ ಹತೋಟಿ ಕೇಂದ್ರಗಳಿಗೆ ನೆಲೆಯಾಗಿದ್ದ ಮೆಕ್ಕೋಲೊ ಎಂಬ ಅಮೆರಿಕದ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ, ಜಗತ್ತಿನ ಸ್ಪ್ಯಾಮ್ ಪ್ರಮಾಣ ಏಕಾಏಕಿ ಕುಸಿದು, ಕೆಲವು ತಿಂಗಳಲ್ಲಿ ಮತ್ತೆ ಏರಿತು. ಲಕ್ಷಾಂತರ ಬಗೆಯ ಒಕ್ಕಣೆಗಳ ಹಿಂದೆ ಇದ್ದ ಮೂಲಗಳು ಬೆರಳೆಣಿಕೆಯಷ್ಟು ಎಂಬುದು ಇದರಿಂದ ಸ್ಪಷ್ಟವಾಯಿತು.

ಈಗ ನಡತೆಯ ಲೆಕ್ಕ ಐಪಿಯನ್ನು ದಾಟಿ ಡೊಮೇನಿಗೂ ಬಂದಿದೆ. ಓದುವವರು ‘ಸ್ಪ್ಯಾಮ್’ ಗುಂಡಿ ಒತ್ತಿದ್ದೆಷ್ಟು, ಇಲ್ಲದ ವಿಳಾಸಗಳಿಗೆ ಹೋದವೆಷ್ಟು, ಸ್ಪ್ಯಾಮರ್‌ಗಳನ್ನು ಹಿಡಿಯಲೆಂದೇ ಇಟ್ಟ ಬಲೆ ವಿಳಾಸಗಳಿಗೆ ಬಡಿದವೆಷ್ಟು, ನಿನ್ನೆ ಹತ್ತು ಕಳಿಸಿದವರು ಇಂದು ಹತ್ತು ಸಾವಿರ ಕಳಿಸಿದರೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಾದವನ್ನೂ ಗುರುತಿನ ವಾದವನ್ನೂ ಒಂದೇ ನಿಯಮದಲ್ಲಿ ಹೆಣೆದವು. ಜಿಮೇಲ್‌ಗೆ ದಿನಕ್ಕೆ 5,000 ಅಥವಾ ಹೆಚ್ಚು ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ಕಡ್ಡಾಯ. ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಸೌಲಭ್ಯ ಇರಬೇಕು. ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು, ಶೇ 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ಸೇವೆಗೆ ಅಂಥದೇ ಗುರುತಿನ ನಿಯಮ ತಂದಿತು.

ನಡತೆಯ ವಾದದ ದೌರ್ಬಲ್ಯ ಸಣ್ಣವರ ವಿಷಯದಲ್ಲಿ ಬಯಲಾಗುತ್ತದೆ. 10,000 ಪತ್ರ ಕಳಿಸುವವರಿಗೆ ಬಂದ ಒಂದು ದೂರು ಶೇ 0.01; 200 ಕಳಿಸುವ ಪ್ರಕಾಶನ ಸಂಸ್ಥೆಗೆ ಅದೇ ಒಂದು ದೂರು ಶೇ 0.5. ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಐಪಿಯನ್ನು ಹಿಂದೆ ಯಾರು ಬಳಸಿದ್ದರೋ, ಪಕ್ಕದ ಐಪಿಗಳಲ್ಲಿ ಯಾರಿದ್ದಾರೋ, ಅವರ ಕೆಟ್ಟ ಹೆಸರೂ ಹೊಸಬರಿಗೆ ಅಂಟಬಹುದು. ಅಂದರೆ ನಡತೆ ನೋಡುತ್ತೇನೆ ಎನ್ನುವ ವ್ಯವಸ್ಥೆ ಎಷ್ಟೋ ಸಲ ನೆರೆಹೊರೆ ನೋಡಿ ತೀರ್ಪು ಕೊಡುತ್ತದೆ. ಅನಾಮಿಕ ಐಪಿಗಿಂತ ಸಾಬೀತಾದ ಡೊಮೇನಿನ ಮೇಲೆ ಲೆಕ್ಕ ಇಡುವುದು ನ್ಯಾಯಕ್ಕೆ ಹತ್ತಿರ. ಗುರುತಿನ ಪದರಗಳಿಲ್ಲದೆ ಅದು ಆಗದು ಎಂಬುದರಿಂದ, ಈ ಎರಡು ವಾದಗಳು ಎದುರಾಳಿಗಳಾಗಿ ಕಂಡರೂ ಒಂದಕ್ಕೊಂದು ಆಧಾರವಾಗಿವೆ.

ನಾಲ್ಕನೆಯ ವಾದ: ತೀರ್ಪು ಕೊಡುವವರು ಯಾರು?

ಸ್ವಂತ ಸರ್ವರ್‌ನಿಂದ ಪತ್ರ ಕಳಿಸುವುದು ಇಂದು ಹೆಚ್ಚುಕಡಿಮೆ ಅಸಾಧ್ಯವಾಗಿದೆ, ಅದಕ್ಕೆ ಕಾರಣ ತಾಂತ್ರಿಕ ಲೋಪವಲ್ಲ, ಅಧಿಕಾರದ ಕೇಂದ್ರೀಕರಣ ಎಂಬುದು ಈ ವಾದ. ದೊಡ್ಡ ಕ್ಲೌಡ್ ಕಂಪನಿಗಳಲ್ಲಿ ಹಲವು, ಸರ್ವರ್‌ಗಳು ಪರಸ್ಪರ ಪತ್ರ ಸಾಗಿಸುವ 25ನೇ ಪೋರ್ಟನ್ನು ಮೊದಲೇ ಮುಚ್ಚಿರುತ್ತವೆ. ಹಣ ಕೊಟ್ಟು ಮಧ್ಯವರ್ತಿ ಸೇವೆಯ ಮೂಲಕ ಕಳಿಸಿದರೆ ಪತ್ರ ಸಲೀಸಾಗಿ ತಲುಪುತ್ತದೆ. ಶೋಧಕದ ಪಕ್ಷಪಾತದ ಪ್ರಶ್ನೆ ಅಮೆರಿಕದಲ್ಲಿ ರಾಜಕೀಯ ರೂಪವನ್ನೂ ಪಡೆಯಿತು. 2020ರ ಚುನಾವಣೆಯ ಪ್ರಚಾರ ಪತ್ರಗಳ ಮೇಲೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ನಡೆಸಿ 2022ರಲ್ಲಿ ಪ್ರಕಟಿಸಿದರು. ಜಿಮೇಲ್ ಬಲಪಂಥೀಯ ಅಭ್ಯರ್ಥಿಗಳ ಪತ್ರಗಳನ್ನು ಹೆಚ್ಚು ಸ್ಪ್ಯಾಮ್‌ಗೆ ಹಾಕಿದ್ದರೆ, ಔಟ್‌ಲುಕ್ ಮತ್ತು ಯಾಹೂ ಎಡಪಂಥೀಯರದನ್ನು ಹೆಚ್ಚು ಹಾಕಿದ್ದವು. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿ ಗೂಗಲ್ ಮೇಲೆ ಹೂಡಿದ ದಾವೆಯನ್ನು 2023ರ ಆಗಸ್ಟ್‌ನಲ್ಲಿ ನ್ಯಾಯಾಲಯ ವಜಾ ಮಾಡಿತು. ಮೂರು ಶೋಧಕಗಳು ಒಂದೇ ಬಗೆಯ ಪತ್ರಗಳನ್ನು ಭಿನ್ನವಾಗಿ ಕಂಡಿದ್ದು ಸಂಚಿಗೆ ಪುರಾವೆಯಾಗದು. ಆದರೆ ಸ್ಪ್ಯಾಮ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ ಎಂಬುದು ಅದರಿಂದ ಖಚಿತವಾಗುತ್ತದೆ.

ಭಾರತದ ಸ್ಥಿತಿ ಇಲ್ಲಿ ಗಮನಾರ್ಹ. ವಾಣಿಜ್ಯ ಎಸ್‌ಎಂಎಸ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯಿದೆ. ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಇಮೇಲ್‌ಗೆ ಅಂಥ ಪ್ರತ್ಯೇಕ ಕಾನೂನಿಲ್ಲ. ಮೂಲ ಮರೆಮಾಚಿ ಕಳಿಸುವ ಇಮೇಲ್‌ಗಳನ್ನೂ ಒಳಗೊಂಡಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಗೊಳಿಸಿತು. ಹೀಗಾಗಿ ಕರ್ನಾಟಕದ ಕಾಲೇಜು ಕರ್ನಾಟಕದ ವಿದ್ಯಾರ್ಥಿಗೆ ಕಳಿಸಿದ ಪತ್ರ ಎಲ್ಲಿಗೆ ಸೇರಬೇಕೆಂಬುದನ್ನು ಬಹುಮಟ್ಟಿಗೆ ಹೊರದೇಶದ ಕಂಪನಿಗಳ ನಿಯಮ ನಿರ್ಧರಿಸುತ್ತದೆ. ಇದು ಚಿಂತಿಸಬೇಕಾದ ಸಂಗತಿ. ಹಾಗೆಂದು ಪತ್ರ ತಲುಪದಿದ್ದಾಗಲೆಲ್ಲ ದೊಡ್ಡ ಕಂಪನಿಯನ್ನು ದೂರುವುದರಿಂದ ಸ್ವಂತ ದಾಖಲೆಗಳಲ್ಲಿನ ತಪ್ಪು ಮರೆಯಾಗುತ್ತದೆ. ಅಧಿಕಾರದ ವಾದ ವ್ಯವಸ್ಥೆಯನ್ನು ವಿವರಿಸುತ್ತದೆ. ಬಿಡಿ ಪತ್ರವೊಂದು ಏಕೆ ಬಿತ್ತು ಎಂಬುದನ್ನು ಅಪರೂಪಕ್ಕೆ ವಿವರಿಸುತ್ತದೆ.

ಹುಡುಕುವ ಕ್ರಮ

ಈ ನಾಲ್ಕು ವಾದಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದರೆ ದೋಷ ಹುಡುಕುವ ವಿಧಾನವೇ ಸಿಗುತ್ತದೆ. ಮೊದಲು ಲಾಗ್ ನೋಡಿ ಪತ್ರ ನಿರಾಕರಣೆಯಾಗಿದೆಯೇ, ತಡೆಯಲ್ಲಿದೆಯೇ, ಸ್ವೀಕೃತವಾಗಿದೆಯೇ ಎಂದು ತಿಳಿಯಬೇಕು. ಸ್ವೀಕೃತವಾಗಿ ಸ್ಪ್ಯಾಮ್‌ಗೆ ಬಿದ್ದಿದ್ದರೆ, ಬಿದ್ದ ಪತ್ರದ ಹೆಡರನ್ನೇ ಓದಿ ಮೂರು ಪರೀಕ್ಷೆಗಳಲ್ಲಿ ಯಾವ ಡೊಮೇನ್ ಪಾಸಾಗಿದೆ ಎಂಬುದನ್ನು ‘ಫ್ರಮ್’ ಸಾಲಿನೊಂದಿಗೆ ತಾಳೆ ನೋಡಬೇಕು. ಬಳಿಕ ಐಪಿಯಿಂದ ಹೆಸರಿಗೆ ಒಯ್ಯುವ ಪಿಟಿಆರ್ ದಾಖಲೆ ಸರಿಯಿದೆಯೇ, ಆ ಹೆಸರು ಅದೇ ಐಪಿಗೆ ಹಿಂದಿರುಗುತ್ತದೆಯೇ ಎಂದು ನೋಡಬೇಕು. ಸರ್ವರ್ ತಾನಾಗಿ ಐಪಿವಿ6 ಬಳಸಿ ಕಳಿಸುತ್ತಿದ್ದರೆ, ಐಪಿವಿ4ಕ್ಕೆ ಮಾತ್ರ ಬರೆದ ದಾಖಲೆಗಳು ಇಲ್ಲಿ ಕೈಕೊಡುತ್ತವೆ. ಆನಂತರ ಕಪ್ಪುಪಟ್ಟಿ, ಮತ್ತು ಹ್ಯಾಕ್ ಆದ ಯಾವುದಾದರೂ ಸ್ಕ್ರಿಪ್ಟ್ ಅದೇ ಸರ್ವರ್‌ನಿಂದ ಗುಟ್ಟಾಗಿ ಪತ್ರ ಸುರಿಸುತ್ತಿದೆಯೇ ಎಂಬ ತಪಾಸಣೆ. ರಸೀದಿ, ಒಟಿಪಿಗಳನ್ನು ಪ್ರಚಾರದ ಪತ್ರಗಳಿಂದ ಬೇರ್ಪಡಿಸಿ ಬೇರೆ ಉಪಡೊಮೇನಿನಿಂದ ಕಳಿಸಿದರೆ, ಒಂದರ ದೂರು ಇನ್ನೊಂದಕ್ಕೆ ಅಂಟುವುದು ಕಡಿಮೆಯಾಗುತ್ತದೆ.

ಇಷ್ಟಾದ ಮೇಲೆ ಒಕ್ಕಣೆಯ ಸರದಿ. ಅದೇ ಸರ್ವರ್‌ನಿಂದ ಎರಡು ಸಾಲಿನ ಸರಳ ಪತ್ರ, ಅದೇ ಒಕ್ಕಣೆ ಬೇರೆ ಮಾರ್ಗದಿಂದ: ಈ ಎರಡು ಪರೀಕ್ಷೆಗಳು ದೋಷ ಮಾರ್ಗದ್ದೋ ಪಠ್ಯದ್ದೋ ಎಂಬುದನ್ನು ಬೇರ್ಪಡಿಸುತ್ತವೆ. ಎಲ್ಲ ಸೇವೆಗಳಲ್ಲೂ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಗುರುತಿನ ದೋಷದ ಸಾಧ್ಯತೆ ಹೆಚ್ಚು. ಒಂದೇ ಕಡೆ ಬೀಳುತ್ತಿದ್ದರೆ ಅಲ್ಲಿನ ನಡತೆಯ ಲೆಕ್ಕದ ಸಾಧ್ಯತೆ ಹೆಚ್ಚು. ಸ್ನೇಹಿತರಿಗೆ ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಲು ಹೇಳಿ ಪತ್ರ ಇನ್‌ಬಾಕ್ಸ್‌ಗೆ ಬಂದರೆ ರೋಗ ವಾಸಿಯಾಯಿತು ಎಂದುಕೊಳ್ಳಬಾರದು. ಶೋಧಕಗಳು ಒಬ್ಬೊಬ್ಬ ಓದುಗರ ಅಭ್ಯಾಸವನ್ನೂ ಕಲಿಯುವುದರಿಂದ, ಆ ಗೆಲುವು ಅವರ ಖಾತೆಗೆ ಮಾತ್ರ ಸೀಮಿತವಾಗಿರಬಹುದು.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ಕೆಲವು ಪ್ರಶ್ನೆಗಳಿಗೆ ಈ ನಾಲ್ಕು ವಾದಗಳಲ್ಲಿ ಯಾವುದರಲ್ಲೂ ಉತ್ತರವಿಲ್ಲ. ತಿಂಗಳಿಗೆ ಐವತ್ತು ಪತ್ರ ಕಳಿಸುವವರು ಒಳ್ಳೆಯ ಹೆಸರು ಗಳಿಸುವುದು ಹೇಗೆ? ಲೆಕ್ಕ ಹಾಕಲು ಬೇಕಾದಷ್ಟು ಪತ್ರಗಳೇ ಅವರಲ್ಲಿಲ್ಲ. ದಾಟಿಸಿದ ಪತ್ರದ ಗುರುತನ್ನು ಕಾಪಾಡುವುದು ಹೇಗೆ? ಸಾಚಾ ಸಹಿಯುಳ್ಳ ಒಂದೇ ಪತ್ರವನ್ನು ಲಕ್ಷ ಮಂದಿಗೆ ಮರುಪ್ರಸಾರ ಮಾಡುವ ಸ್ಪ್ಯಾಮರ್‌ಗಳ ಹೊಸ ಉಪಾಯವನ್ನು ತಡೆಯುವುದು ಹೇಗೆ? ಇದಕ್ಕಾಗಿ ಡಿಕೆಐಎಂನ ಮುಂದಿನ ಆವೃತ್ತಿಯ ಕೆಲಸ ಇಂಟರ್ನೆಟ್‌ನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್‌ನಲ್ಲಿ ನಡೆದಿದೆ. ಕೃತಕ ಬುದ್ಧಿಮತ್ತೆ ತಪ್ಪಿಲ್ಲದ ಕನ್ನಡದಲ್ಲೇ ಮೋಸದ ಪತ್ರ ಬರೆಯುವಾಗ ಭಾಷೆಯ ತಪ್ಪುಗಳಿಂದ ಮೋಸ ಹಿಡಿಯುವ ದಾರಿ ಎಷ್ಟು ದಿನ ನಡೆದೀತು? ಕನ್ನಡ ಲಿಪಿಯ ಇಮೇಲ್ ವಿಳಾಸಗಳಿಗೆ 2012ರಿಂದ ತಾಂತ್ರಿಕ ಒಪ್ಪಿಗೆಯಿದೆ. ಅಂಥ ವಿಳಾಸವನ್ನು ಶೋಧಕಗಳು ಇಂಗ್ಲಿಷ್ ವಿಳಾಸದಷ್ಟೇ ಸಹಜವೆಂದು ಕಾಣುವ ಕಾಲ ಯಾವಾಗ ಬರುತ್ತದೆ?

ಇವೆಲ್ಲಕ್ಕಿಂತ ಕಠಿಣವಾದದ್ದು ಕಾರಣ ಹೇಳುವ ಹೊಣೆಯ ಪ್ರಶ್ನೆ. ತೀರ್ಪಿನ ಕಾರಣ ಬಿಚ್ಚಿಟ್ಟರೆ ಸ್ಪ್ಯಾಮರ್ ಅದನ್ನೇ ಓದಿ ಮುಂದಿನ ಪತ್ರ ತಿದ್ದುತ್ತಾನೆ ಎಂಬ ಕಂಪನಿಗಳ ವಾದದಲ್ಲಿ ಹುರುಳಿದೆ. ಆದರೆ ಗುರುತು ಪೂರ್ತಿ ಸಾಬೀತುಪಡಿಸಿ, ವರ್ಷಗಟ್ಟಲೆ ದೂರಿಲ್ಲದೆ ನಡೆದುಕೊಂಡವರಿಗೂ ಅದೇ ಮೌನವೇ ಉತ್ತರವಾಗಬೇಕೆ? ಗುರುತು ಕೊಟ್ಟವರಿಗೆ ಪ್ರತಿಯಾಗಿ ಒಂದಿಷ್ಟು ವಿವರಣೆಯ ಹಕ್ಕು ಸಿಗಬೇಕು ಎಂಬುದು ನ್ಯಾಯವಾದ ಬೇಡಿಕೆ. ಎಷ್ಟು ವಿವರ, ಯಾರಿಗೆ, ಯಾವ ಹಂತದಲ್ಲಿ ಕೊಟ್ಟರೆ ಪ್ರಾಮಾಣಿಕರಿಗೆ ನೆರವಾಗಿ ಸ್ಪ್ಯಾಮರ್‌ಗೆ ದಾರಿಯಾಗದು ಎಂಬುದಕ್ಕೆ ಒಪ್ಪಿತ ಉತ್ತರ ಇನ್ನೂ ಸಿಕ್ಕಿಲ್ಲ.